ಮುಟ್ಟಿದರೆ ಹತ್ತುವ ದೀಪ

ಅತ್ತೆಯ ಕೋಣೆಯೊಂದನ್ನು ಬಿಟ್ಟರೆ ನಮ್ಮ ಮನೆಯ ಗೋಡೆಗಳ ಮೇಲೆ ಟಕ್ಕೆನ್ನುವ ಸ್ವಿಚ್ಚುಗಳಿಲ್ಲ. ಕರಿಗಾಜಿನ ಫಲಕಗಳಿವೆ. ಬೆರಳು ತಾಗಿಸಿದರೆ ದೀಪ ಹತ್ತುತ್ತದೆ, ಮತ್ತೆ ತಾಗಿಸಿದರೆ ಆರುತ್ತದೆ. ಕತ್ತಲಲ್ಲಿ ಎಲ್ಲಿ ಮುಟ್ಟಬೇಕೆಂದು ತಿಳಿಯಲಿ ಅಂತ ಒಂದೊಂದು ಗುಂಡಿಯ ಜಾಗದಲ್ಲೂ ಒಂದು ನೀಲಿ ಚುಕ್ಕೆ ಉರಿಯುತ್ತಿರುತ್ತದೆ. ಸೇಡಂನಲ್ಲಿ ಮನೆ ಕಟ್ಟಿಸುವಾಗ ನೆಲದ ವಿಷಯದಲ್ಲಿ ನನ್ನ ಮಾತು ನಡೆಯಿತು. ನಾನು ಶಹಾಬಾದದವಳು, ಟೈಲ್ಸ್ ಬೇಡ, ನಮ್ಮೂರಿನ ಕಲ್ಲೇ ಬೇಕು ಅಂತ ಹಟ ಹಿಡಿದೆ. ಸ್ವಿಚ್ಚಿನ ವಿಷಯದಲ್ಲಿ ಗಂಡನ ಮಾತು ನಡೆಯಿತು. ಅವರು ಕೋಡ್ಲಾ ದಾರಿಯ ಸಿಮೆಂಟ್ ಕಾರ್ಖಾನೆಯೊಂದರ ಕಂಟ್ರೋಲ್ ರೂಮಿನಲ್ಲಿ ಕೆಲಸ ಮಾಡುತ್ತಾರೆ. ಎಲ್ಲೋ ದೂರದಲ್ಲಿ ತಿರುಗುವ ದೊಡ್ಡ ದೊಡ್ಡ ಯಂತ್ರಗಳನ್ನು ಪರದೆಯ ಮುಂದೆ ಕೂತಲ್ಲಿಂದಲೇ ಚಾಲೂ ಮಾಡಿ ಬಂದ್ ಮಾಡುವ ಮನುಷ್ಯ. ಮನೆಗೆ ಬಂದು ಒಂದು ಬಲ್ಬ್ ಆರಿಸಲು ಹಾಸಿಗೆಯಿಂದ ಏಳುವುದು ಅವರಿಗೆ ಮರ್ಯಾದೆ ಕಳೆದಂತೆ ಅನ್ನಿಸುತ್ತಿತ್ತೋ ಏನೋ.

ಏಳಬಾರದು ಅಂತಲೇ ಮಲಗುವ ಕೋಣೆಯ ಫಲಕವನ್ನು ಅವರು ಮಂಚದ ಪಕ್ಕಕ್ಕೆ, ಮಲಗಿದಲ್ಲಿಂದ ಕೈ ಚಾಚಿದರೆ ಸಿಗುವ ಎತ್ತರದಲ್ಲಿ ಕೂರಿಸಿದರು. ಅಷ್ಟೂ ಗುಂಡಿಗಳನ್ನು ಫೋನಿನಿಂದಲೂ ನಡೆಸಬಹುದು. ಕೊನೆಯದು ಇಡೀ ಮನೆಯ ಗುಂಡಿ. ಅದನ್ನು ಮುಟ್ಟಿದರೆ ಅಡುಗೆಮನೆಯಿಂದ ಅಂಗಳದವರೆಗೆ ಎಲ್ಲ ದೀಪಗಳೂ ಒಮ್ಮೆಲೇ ಹತ್ತುತ್ತವೆ. "ಕಳ್ಳರು ಬಂದ್ರ ಒಂದ ಬಟನ್" ಎಂದು ಅವರು ನನಗೆ ಹೆಮ್ಮೆಯಿಂದ ತೋರಿಸಿದ್ದರು. ಕಳ್ಳರು ಇವತ್ತಿನವರೆಗೆ ಬಂದಿಲ್ಲ. ಮಂಚದ ಪಕ್ಕದ ಎತ್ತರ ಅಂದರೆ ಮೂರು ತುಂಬಿದ ನಮ್ಮ ಕೂಸಿನ ಎದೆಯ ಎತ್ತರ ಅನ್ನುವುದು ಮಾತ್ರ ನಮ್ಮಿಬ್ಬರಿಗೂ ಆಗ ಹೊಳೆಯಲಿಲ್ಲ.

ನಾನು ಚಿತ್ತಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಬೆಳಿಗ್ಗೆ ರೈಲಿಗೆ ಹೋಗಿ ಸಂಜೆ ರೈಲಿಗೆ ಬರುತ್ತೇನೆ. ನಾನು ಹತ್ತುವ ಮೊದಲೇ ವಾಡಿಯಲ್ಲಿ ಗಾಡಿ ತಡೆದು ನಿಲ್ಲಿಸಿದರೆ ಮನೆ ಮುಟ್ಟುವ ಹೊತ್ತಿಗೆ ಕತ್ತಲಾಗಿರುತ್ತದೆ. ಹಗಲೆಲ್ಲ ಕೂಸು ಅತ್ತೆಯ ಹತ್ತಿರ. ಅತ್ತೆ ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿ ಕಡೆಯವರು. ಕನ್ನಡ ಮಾತಾಡುತ್ತ ಮಾತಾಡುತ್ತ ತೆಲುಗಿಗೆ ಹೊರಳಿ, ಮತ್ತೆ ತಿಳಿಯದಂತೆ ಕನ್ನಡಕ್ಕೆ ವಾಪಸ್ಸು ಬರುತ್ತಾರೆ. ಕೂಸಿಗೆ ಎರಡೂ ಒಂದೇ ಭಾಷೆ ಅಂತ ಅನ್ನಿಸಿತ್ತು. ನಾನು ಬಂದ ಮೇಲೆ ಊಟ, ಹಾಲು, ಒಂದು ಕಥೆ, ಮಲಗುವುದು. ಅಲ್ಲಿಯವರೆಗೆ ಎಲ್ಲ ಸರಿಯಾಗಿ ನಡೆಯುತ್ತಿತ್ತು.

ಹೊಸ ಮನೆಗೆ ಬಂದು ಸ್ವಲ್ಪ ದಿನಕ್ಕೆ ಗಂಡನಿಗೆ ಸೆಕೆಂಡ್ ಶಿಫ್ಟ್ ಬಿತ್ತು. ಮಧ್ಯಾಹ್ನ ಹೊರಟರೆ ಬರುವುದು ಕೂಸು ಮಲಗಿದ ಮೇಲೆಯೇ. ಒಂದೆರಡು ವಾರದ ಮಾತಲ್ಲ, ಅಲ್ಲಿ ಯಾರೋ ಬಿಟ್ಟುಹೋಗಿದ್ದರಿಂದ ಅದೇ ಪಾಳಿ ತಿಂಗಳುಗಟ್ಟಲೆ ಮುಂದುವರಿಯಿತು. ಆಗಲೇ ಈ ಪೀಕಲಾಟ ಶುರುವಾಗಿದ್ದು.

ಕಥೆ ಮುಗಿಸಿ ದೀಪ ಆರಿಸುತ್ತಿದ್ದೆ. ಕೂಸು ಸುಮ್ಮನೆ ಮಲಗಿರುತ್ತಿತ್ತು. ಇನ್ನೇನು ನಿದ್ದೆ ಬಂತು ಅಂದುಕೊಳ್ಳುವಷ್ಟರಲ್ಲಿ ಕೋಣೆ ಬೆಳಗುತ್ತಿತ್ತು. ನೋಡಿದರೆ ಮಂಚದ ಅಂಚಿನಲ್ಲಿ ಕೂತು ಫಲಕದ ಮೇಲೆ ಬೆರಳಿಟ್ಟಿರುತ್ತಿತ್ತು.

"ಯಾಕ ಹಚ್ಚಿದಿ?"

"ಸುಮ್ನ."

ಆರಿಸಿದರೆ ಮತ್ತೆ ಹಚ್ಚುವುದು. ಗದರಿಸಿದರೆ ಮುಖ ಸಣ್ಣದು ಮಾಡಿ ಮಲಗುವುದು, ನನ್ನ ಕಣ್ಣು ಮುಚ್ಚಿದ ಕೂಡಲೇ ಮತ್ತೆ ಹಚ್ಚುವುದು. ಎಲ್ಲ ಮಕ್ಕಳಿಗೂ ಸ್ವಿಚ್ಚು ಒಂದು ಆಟಿಕೆ, ಅದರಲ್ಲೂ ನೀಲಿ ಚುಕ್ಕೆ ಉರಿಯುವ ಸ್ವಿಚ್ಚು ಅಂದರೆ ಕರೆದು ಕರೆದು ಆಡಲು ಹೇಳಿದಂತೆ ಅಂದುಕೊಂಡೆ. ಗಂಡ ಮನೆಯಲ್ಲಿರುತ್ತಿದ್ದ ವಾರದ ರಜೆಯ ದಿನ ಕೂಸು ತಂಟೆ ಮಾಡುತ್ತಿರಲಿಲ್ಲ. ಅಪ್ಪನ ಅಂಜಿಕೆ ಇದ್ದೀತು ಅಂತ ಅದಕ್ಕೂ ಅರ್ಥ ಹಚ್ಚಿಕೊಂಡೆ. ಹಾಗೆ ನೋಡಿದರೆ ಅಪ್ಪನಿಗೆ ಅಂಜುವ ಕೂಸೇ ಅಲ್ಲ ಅದು. ಅಪ್ಪನ ಹೆಗಲೇರಿ ಮೀಸೆ ಎಳೆಯುತ್ತಿತ್ತು.

ಮೊದಲು ಒಂದು ರಟ್ಟಿನ ತುಂಡು ಕತ್ತರಿಸಿ, ಫಲಕದ ಮೇಲೆ ಟೇಪು ಹಚ್ಚಿ ಮುಚ್ಚಿದೆ. ಮರುದಿನ ಸಂಜೆ ಶಾಲೆಯಿಂದ ಬಂದಾಗ ಆ ರಟ್ಟು ಗೊಂಬೆಯ ಹಾಸಿಗೆಯಾಗಿತ್ತು. ಆಮೇಲೆ ಕಬ್ಬಿಣದ ಅಲಮಾರನ್ನು ಜರುಗಿಸಿ ಫಲಕಕ್ಕೆ ಅಡ್ಡ ನಿಲ್ಲಿಸಿದೆವು. ಎರಡು ದಿನವೂ ಅದು ಅಲ್ಲಿ ನಿಲ್ಲಲಿಲ್ಲ, ಯಾಕೆಂದರೆ ಫ್ಯಾನಿನ ಗುಂಡಿಯೂ ಅದೇ ಫಲಕದಲ್ಲಿತ್ತು. ಸೇಡಂನ ಸೆಕೆಯಲ್ಲಿ ಫ್ಯಾನಿನ ಗುಂಡಿಯನ್ನು ಅಲಮಾರಿನ ಹಿಂದೆ ಇಟ್ಟುಕೊಂಡು ಬದುಕುವವರು ಯಾರೂ ಇಲ್ಲ. ಆಮೇಲೆ ಗಂಡ ಹೈದರಾಬಾದಿನಿಂದ ಬರುವ ಗೆಳೆಯನ ಕೈಲಿ ಒಂದು ಪ್ಲಾಸ್ಟಿಕ್ ಮುಚ್ಚಳ ತರಿಸಿದರು. ಮಕ್ಕಳ ಕೈಗೆ ಸಿಗದ ಹಾಗೆ ಮಾಡಿದ್ದು, ಎರಡು ಕಡೆ ಒಟ್ಟಿಗೆ ಅಮುಕಿದರೆ ಮಾತ್ರ ತೆರೆಯುತ್ತದೆ. ಅತ್ತೆಗೆ ಅದನ್ನು ತೆರೆಯಲು ಆಗಲಿಲ್ಲ. ನನಗೆ ಕನ್ನಡಕ ಬೇಕಾಯಿತು. ಕೂಸು ನಮ್ಮಿಬ್ಬರನ್ನೂ ನೋಡುತ್ತ ನಿಂತಿದ್ದು, ಹತ್ತಿರ ಬಂದು, ಎರಡೂ ಕೈಯ ಹೆಬ್ಬೆರಳು ಒತ್ತಿ ಮುಚ್ಚಳ ತೆರೆದು, "ಹಿಂಗ ಆಯಿ" ಎಂದು ಅಜ್ಜಿಗೆ ಹೇಳಿಕೊಟ್ಟಿತು.

ಆ ದಿನಗಳಲ್ಲೇ ಅತ್ತೆಯ ತಮ್ಮ, ನನ್ನ ಗಂಡನ ಸೋದರಮಾವ, ಚಂದ್ರಂಪಳ್ಳಿಯಿಂದ ಬಂದಿದ್ದರು. ಕಣ್ಣು ತೋರಿಸಿಕೊಳ್ಳಲು ಕಲಬುರಗಿಗೆ ಹೋಗುವವರಿದ್ದರು, ಬೆಳಗಿನ ಬಸ್ಸು ಸಿಗಲಿ ಅಂತ ನಮ್ಮಲ್ಲಿ ಉಳಿದರು. ದನಕರು, ಹೊಲ ಅಂತ ಬದುಕುವ ಜನ, ದೀಪ ಹಚ್ಚಿ ಸ್ವಲ್ಪ ಹೊತ್ತಿಗೇ ಊಟ ಮುಗಿಸಿ ಮಲಗುವ ರೂಢಿ. ಪಡಸಾಲೆಯಲ್ಲಿ ಚಾಪೆ ಹಾಸಿಕೊಟ್ಟೆ. ತಲೆ ಇಟ್ಟ ಕೂಡಲೇ ಗೊರಕೆ ಹೊಡೆಯತೊಡಗಿದರು. ಇತ್ತ ನಾನು ಕೂಸಿಗೆ ಕಥೆ ಹೇಳಿ ಮುಗಿಸಿ, ಹಾಲಿನ ಲೋಟ ಇಟ್ಟುಬರಲು ಅಡುಗೆಮನೆಗೆ ಹೋಗಿದ್ದೆ. ಅಷ್ಟರಲ್ಲಿ ಇಡೀ ಮನೆ ಝಗ್ಗೆಂದು ಬೆಳಗಿತು. ಕೂಸು ಕೊನೆಯ ಗುಂಡಿ ಮುಟ್ಟಿತ್ತು. ಪಡಸಾಲೆ, ಅಡುಗೆಮನೆ, ಬಚ್ಚಲು, ಅಂಗಳ, ಒಂದೂ ಬಿಡದೆ ಎಲ್ಲ ಹತ್ತಿದವು.

ಮಾವ ದಡಬಡಿಸಿ ಎದ್ದು ಕೂತು, "ಅಪ್ಪುಡೇ ತೆಲ್ಲಾರಿಂದಾ?" ಅಂದರು. ಇಷ್ಟು ಬೇಗ ಬೆಳಗಾಯಿತಾ ಅಂತ. ಯಾರ ಉತ್ತರಕ್ಕೂ ಕಾಯದೆ ಚಾಪೆ ಸುತ್ತಿ ಗೋಡೆಗೆ ಒರಗಿಸಿ, ಹೆಗಲಿಗೆ ಟವೆಲ್ ಹಾಕಿಕೊಂಡು ಮುಖ ತೊಳೆಯಲು ಅಂಗಳಕ್ಕೆ ನಡೆದರು. ಹೊರಗೆ ಪಕ್ಕದ ಮನೆಯವರು ಇನ್ನೂ ಊಟಕ್ಕೆ ಕೂತಿದ್ದು ಕಿಟಕಿಯಲ್ಲಿ ಕಂಡಿರಬೇಕು. ಒದ್ದೆ ಮುಖದಲ್ಲೇ ಒಳಗೆ ಬಂದು, "ಏನವ್ವಾ, ನಿಮ್ಮ ಊರಾಗ ಬೆಳಗ್ಗೆ ಎದ್ದು ಸಾರು ಅನ್ನ ಉಣ್ತಾರೇನು?" ಎಂದು ಕೇಳಿದರು. ಅತ್ತೆ ನಕ್ಕು ನಕ್ಕು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಕೂಸು ತಾನೇನೋ ದೊಡ್ಡದು ಮಾಡಿದೆನೆಂದು ತಿಳಿದು, ನಗಬೇಕೋ ಅಳಬೇಕೋ ಗೊತ್ತಾಗದೆ ನನ್ನ ಸೀರೆಯೊಳಗೆ ಮುಖ ಹುದುಗಿಸಿತು.

ಮಾರನೆಯ ದಿನ ನಾನು ಗಂಡನಿಗೆ ಖಡಾಖಂಡಿತ ಹೇಳಿದೆ: "ನಿಮ್ಮ ಪ್ಲಾಂಟಿನ್ಯಾಗ ಮೋಟರಿಗಿ ಕೀಲಿ ಹಾಕ್ತೀವಿ, ಯಾರೂ ಚಾಲೂ ಮಾಡಾಕ ಆಗಂಗಿಲ್ಲ ಅಂತೀರಿ. ಈ ಗ್ವಾಡಿಗಿ ಏನರ ಕೀಲಿ ಹಾಕ್ರಿ."

ಅವರು ಫೋನು ತೆಗೆದು ಕೂತರು. ಮಕ್ಕಳಿಗಾಗಿಯೇ ಒಂದು ಬೀಗ ಅದರಲ್ಲಿತ್ತು. ಅದನ್ನು ಹಾಕಿದರೆ ಗಾಜನ್ನು ಎಷ್ಟು ಮುಟ್ಟಿದರೂ ದೀಪ ಹತ್ತುವುದಿಲ್ಲ, ಫೋನಿನಿಂದ ಮಾತ್ರ ಹತ್ತುತ್ತದೆ. ದಿನಾ ಮಲಗುವ ಹೊತ್ತಿನಿಂದ ಸೂರ್ಯ ಹುಟ್ಟುವವರೆಗೆ ತಾನಾಗಿಯೇ ಬೀಗ ಬೀಳುವ ಹಾಗೆ ಹೊಂದಿಸಿದರು. ಆ ರಾತ್ರಿ ಕೂಸು ಬೆರಳಿಟ್ಟಿತು, ಒತ್ತಿತು, ಅಂಗೈಯಿಂದ ಬಡಿಯಿತು. ಏನೂ ಆಗಲಿಲ್ಲ. ಬಹಳ ಹೊತ್ತು ಗೋಡೆಯ ಕಡೆ ನೋಡುತ್ತ ಕೂತಿದ್ದು ಕೊನೆಗೆ ಕೂತಲ್ಲೇ ತೂಕಡಿಸಿತು. ನಾನು ಗೆದ್ದೆ ಅಂದುಕೊಂಡು ಕಾಲು ಚಾಚಿದೆ.

ಆದರೆ ಬೀಗ ನಮ್ಮ ಕೋಣೆಗೆ ಮಾತ್ರ ಬಿದ್ದಿರಲಿಲ್ಲ, ಇಡೀ ಮನೆಗೆ ಬಿದ್ದಿತ್ತು. ಅತ್ತೆ ನಸುಕಿನಲ್ಲಿ ಏಳುವವರು. ತಮ್ಮ ಕೋಣೆಯ ದೀಪ ಹತ್ತಲಿಲ್ಲ. ಕರೆಂಟು ಹೋಗಿದೆ ಅಂತ ಕತ್ತಲಲ್ಲೇ ಕೂತರು. ಸ್ವಲ್ಪ ಹೊತ್ತಿಗೆ ಕಿಟಕಿಯಲ್ಲಿ ಬೀದಿದೀಪ ಕಂಡಿತು. ಗೋಡೆ ಹಿಡಿದು ಹಿಡಿದು ಬಂದು ನಮ್ಮ ಬಾಗಿಲು ಬಡಿದರು.

"ಊರಿಗೆಲ್ಲಾ ಕರೆಂಟ್ ಅದ, ನನಗೊಬ್ಬಾಕಿಗೇ ಇಲ್ಲೇನು?"

ಗಂಡ ಕಣ್ಣು ಹೊಸಕುತ್ತ ವಿವರಿಸಲು ಹೋದರು. ಅತ್ತೆ ಪೂರ್ತಿ ಕೇಳಲಿಲ್ಲ. "ಗೇಣುದ್ದ ಕೂಸಿಗಿ ಅಂಜಿ ಮುದುಕಿಗಿ ಕೀಲಿ ಹಾಕೀರಿ. ಭಾಳ ಶಾಣ್ಯಾ ಇದ್ದೀರಿ" ಎಂದು ಹೇಳಿ, ಅವತ್ತೇ ತಮ್ಮ ಕೋಣೆಗೆ ಹಳೇ ನಮೂನೆಯ ಟಕ್ಕೆನ್ನುವ ಸ್ವಿಚ್ಚು ಹಾಕಿಸಿಕೊಂಡರು. ಅವರ ಕೋಣೆಯಲ್ಲಿ ಇವತ್ತಿಗೂ ಅದೇ ಇದೆ.

ನಮ್ಮ ಕೋಣೆಯ ಬೀಗ ಹಾಗೇ ಉಳಿಯಿತು. ಕೂಸು ಮಾತ್ರ ಸೋಲಲಿಲ್ಲ. ದೀಪ ಹತ್ತದಿದ್ದರೂ ದಿನಾ ಮಲಗುವ ಮೊದಲು ಫಲಕದ ಹತ್ತಿರ ಹೋಗಿ ಮುಟ್ಟುವುದು. ಮುಖ ಬಾಡುವುದು. ನನ್ನ ಫೋನು ಕಸಿದುಕೊಳ್ಳಲು ನೋಡುವುದು. ನಿದ್ದೆ ಹತ್ತುವುದು ಮೊದಲಿಗಿಂತ ತಡವಾಗತೊಡಗಿತು. ಮರುದಿನ ಚಿತ್ತಾಪುರದ ರೈಲಿನಲ್ಲಿ ಕಿಟಕಿಗೆ ತಲೆ ಆನಿಸಿದರೆ ಸ್ಟೇಷನ್ ಬಂದದ್ದೂ ನನಗೆ ತಿಳಿಯುತ್ತಿರಲಿಲ್ಲ. ಕಡೆಗೆ ಬೇಸತ್ತು ಒಂದು ದಿನ ಬೀಗ ತೆಗೆದುಬಿಟ್ಟೆ. ಏನಾದರೂ ಮಾಡಿಕೊಳ್ಳಲಿ ಎಂದು.

ಅದೇ ಸಂಜೆ ಮಳೆಗಾಳಿ ಎದ್ದು ಕರೆಂಟು ಹೋಯಿತು. ಇನ್ವರ್ಟರ್ ಆ ವಾರ ದುರಸ್ತಿಗೆ ಹೋಗಿತ್ತು. ಫೋನಿನ ಟಾರ್ಚು ಹಚ್ಚಿ ಕಪಾಟಿನ ಮೇಲಿಟ್ಟೆ. ಕೂಸಿಗೆ ಕತ್ತಲ ಅಂಜಿಕೆ ಇಲ್ಲ. ಊಟ ಮಾಡಿತು, ಗೋಡೆಯ ಮೇಲೆ ನನ್ನ ನೆರಳು ದೊಡ್ಡದಾಗಿ ಬಿದ್ದದ್ದು ನೋಡಿ ನಕ್ಕಿತು, ಕಥೆ ಕೇಳಿತು. ಆಮೇಲೆ ರೂಢಿಯಂತೆ ಮಂಚದ ಅಂಚಿಗೆ ಹೋಗಿ ಗಾಜು ಮುಟ್ಟಿತು. ನೀಲಿ ಚುಕ್ಕೆ ಸಹ ಇರಲಿಲ್ಲ. ಮತ್ತೆ ಮುಟ್ಟಿತು. ತುಟಿ ನಡುಗತೊಡಗಿತು. ನಂತರ ಎಂದೂ ಅಳದ ಹಾಗೆ ಅಳತೊಡಗಿತು.

ಎತ್ತಿಕೊಂಡೆ. "ಕರೆಂಟ್ ಹೋಗ್ಯಾದ ಬಂಗಾರ, ಬರ್ತದ. ಟಾರ್ಚ್ ಅದ ನೋಡು, ಬೆಳಕ ಅದ."

"ಬೆಳಕ ಬ್ಯಾಡ!"

"ಮತ್ತೇನು ಬೇಕು?"

ಬಿಕ್ಕುತ್ತ ಬಿಕ್ಕುತ್ತ ಹೇಳಿತು: "ನಾ ಒತ್ತಾಕತ್ತೀನಿ, ಹತ್ತವಲ್ದು. ಪಪ್ಪಾಗ ಹ್ಯಾಂಗ ಗೊತ್ತಾಗ್ತದ?"

"ಏನು ಗೊತ್ತಾಗಬೇಕು ಪಪ್ಪಾಗ?"

"ನಾ ಕರಿಯಾಕತ್ತೀನಿ ಅಂತ. ನಾ ಲೈಟ್ ಹಚ್ಚಿದ್ರ ಪಪ್ಪಾನ ಫೋನ್ ಟಿಂಗ್ ಅಂತದ."

ಇಷ್ಟು ದಿನ ನಾನು ರಟ್ಟು, ಅಲಮಾರು, ಮುಚ್ಚಳ, ಬೀಗ ಅಂತ ಯಾವುದಕ್ಕೆ ಅಡ್ಡ ನಿಂತಿದ್ದೆನೋ ಅದು ಆಟವಾಗಿರಲಿಲ್ಲ. ಕೂಸು ಅಪ್ಪನನ್ನು ಕೂಗುತ್ತಿತ್ತು. ಅದನ್ನು ಎದೆಗೆ ಅವಚಿಕೊಂಡು ಕೋಣೆಯಲ್ಲೇ ತಿರುಗಾಡಿದೆ. ಕರೆಂಟು ಬರುವ ಮೊದಲೇ ನಿದ್ದೆ ಹೋಯಿತು.

ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಗಂಡನನ್ನು ಕೇಳಿದೆ. ಲೋಟ ಅವರ ಕೈಯಲ್ಲೇ ನಿಂತಿತು. ಸ್ವಿಚ್ಚು ಕೂರಿಸಿದ ಮೊದಲ ವಾರ, ನಾನು ಶಾಲೆಗೆ ಹೋಗಿದ್ದಾಗ, ಅಪ್ಪ ಮಗಳು ಒಂದು ಆಟ ಆಡಿದ್ದರಂತೆ. ಮಗಳು ಕೋಣೆಯಲ್ಲಿ, ಅಪ್ಪ ಅಂಗಳದಲ್ಲಿ. ಅದು ಒಳಗೆ ದೀಪ ಹಚ್ಚಿದರೆ ಇವರ ಫೋನು ಟಿಂಗ್ ಅನ್ನುವುದು, ಇವರು ಹೊರಗಿನಿಂದ "ಗೊತ್ತಾಯ್ತು!" ಎಂದು ಕೂಗುವುದು. ಆಮೇಲೆ ಬೀದಿಯ ತುದಿಗೆ ಹೋಗಿ, ವಾಪಸ್ಸು ಬಂದು, "ಅಷ್ಟು ದೂರ ಇದ್ರೂ ನನಗ ಗೊತ್ತಾಯ್ತು ನೋಡು, ಎಲ್ಲಿದ್ರೂ ಗೊತ್ತಾಗ್ತದ" ಎಂದಿದ್ದರಂತೆ.

"ಹಂಗಾದ್ರ ಇಷ್ಟು ದಿನ ನಿಮ್ಮ ಫೋನು ಏನು ಮಾಡ್ತಿತ್ತು?"

ಅವರು ತಲೆ ತಗ್ಗಿಸಿ ಫೋನು ನನ್ನ ಕಡೆ ಜರುಗಿಸಿದರು. "ಭಾಳ ಟಿಂಗ್ ಟಿಂಗ್ ಅಂತಿತ್ತು. ಸದ್ದು ಬಂದ್ ಮಾಡಿಬಿಟ್ಟಿದ್ದೆ." ಆಮೇಲೆ, ಬಹಳ ಮೆಲ್ಲಗೆ, "ಕೂಸು ಇಷ್ಟು ನೆಂಪಿಟ್ಕೊಂಡದ ಅಂತ ನನಗೇನು ಗೊತ್ತು" ಅಂದರು.

ಬೈಯಬೇಕೆಂದು ಕೂತವಳು ಬೈಯಲಿಲ್ಲ. ಅವರ ಮುಖವೇ ಸಾಕಾಗಿತ್ತು. ಅತ್ತೆ ರೊಟ್ಟಿ ಬಡಿಯುತ್ತ ಎಲ್ಲ ಕೇಳಿಸಿಕೊಂಡವರು, ಹೆಂಚಿನ ಮೇಲೆ ರೊಟ್ಟಿ ಮಗುಚಿ, "ಇನ್ಮ್ಯಾಲೆ ಕೇಳ್ರಿ, ಆಯ್ತು" ಅಂದರು. ಅವರ ಮಟ್ಟಿಗೆ ಮಾತು ಅಲ್ಲಿಗೆ ಮುಗಿದಿತ್ತು.

ಆ ಭಾನುವಾರ ಮೂವರೂ ಕೂತು ಹೊಸ ವ್ಯವಸ್ಥೆ ಮಾಡಿದೆವು. ಮೂವರು ಅಂದರೆ ಕೂಸನ್ನೂ ಸೇರಿಸಿ. ಬೀಗದಲ್ಲಿ ಗುಂಡಿಗಳನ್ನು ಒಂದೊಂದಾಗಿ ಆಯ್ದುಕೊಳ್ಳುವ ಅವಕಾಶವಿತ್ತು. ಅಲ್ಲಿಯವರೆಗೆ ಅದನ್ನು ನಾವು ನೋಡಿರಲೇ ಇಲ್ಲ. ಇಡೀ ಮನೆಯ ಗುಂಡಿಗೆ, ದೊಡ್ಡ ದೀಪಕ್ಕೆ, ಫ್ಯಾನಿಗೆ ಮಲಗುವ ಹೊತ್ತಿಗೆ ಬೀಗ. ಕೆಳಗಿನ ಒಂದು ಗುಂಡಿ ಮಾತ್ರ ಯಾವಾಗಲೂ ತೆರೆದಿರಬೇಕು. ಅದಕ್ಕೆ ಮೂಲೆಯಲ್ಲಿ ಒಂದು ಸಣ್ಣ ಹಳದಿ ದೀಪ ಜೋಡಿಸಿದರು. ಅದು ಹತ್ತಿದರೂ ನಿದ್ದೆ ಬರುವಷ್ಟೇ ಬೆಳಕು. ಫೋನಿನಲ್ಲಿ ಉಳಿದೆಲ್ಲದರ ಸದ್ದು ಅಡಗಿಸಿ, ಆ ಒಂದಕ್ಕೆ ಮಾತ್ರ ಟಿಂಗ್ ಉಳಿಸಿದರು.

ಗಂಡ ನೆಲದ ಮೇಲೆ ಮಗಳ ಎದುರು ಕೂತು ಹೇಳಿದರು: "ಇದು ನಿಂದು. ಮಲಗೋ ಮುಂದ ಒಂದ ಸಲ ಮುಟ್ಟು. ನನಗ ಗೊತ್ತಾದ ಕೂಡ್ಲೇ ಅಲ್ಲಿಂದ ಎರಡು ಸಲ ಮಿಣುಕ ಮಿಣುಕ ಮಾಡ್ತೀನಿ. ಆಮ್ಯಾಲೆ ಮಲ್ಕೋಬೇಕು. ಕಬೂಲ್?"

"ಕಬೂಲ್" ಅಂದಿತು ಕೂಸು, ಅರ್ಥ ಗೊತ್ತಿದ್ದವರ ಹಾಗೆ.

ಕಂಟ್ರೋಲ್ ರೂಮಿನೊಳಗೆ ಫೋನು ಮುಟ್ಟುವಂತಿಲ್ಲ. ಅದಕ್ಕೇ ಅವರು ತಮ್ಮ ಸಂಜೆಯ ಚಹಾದ ಬಿಡುವನ್ನು ಸಹೋದ್ಯೋಗಿಗಳಿಗೆ ಹೇಳಿ ಮಗಳು ಮಲಗುವ ಹೊತ್ತಿಗೆ ಬದಲಿಸಿಕೊಂಡರು. ಮೊದಲ ರಾತ್ರಿ ಕೂಸು ಗುಂಡಿ ಮುಟ್ಟಿ, ಉಸಿರು ಬಿಗಿಹಿಡಿದು ಕೂತಿತು. ನಾನೂ ಹಾಗೇ ಕೂತಿದ್ದೆ ಅನ್ನಿ. ದೀಪ ಆರಿತು, ಹತ್ತಿತು, ಆರಿತು, ಹತ್ತಿತು. ಆಮೇಲೆ ಪೂರ್ತಿ ಆರಿತು. ಕೂಸು ತಲೆದಿಂಬಿಗೆ ಮುಖ ಒತ್ತಿ, ಕಾಲು ನನ್ನ ಹೊಟ್ಟೆಯ ಮೇಲೆ ಹಾಕಿ ಮಲಗಿಬಿಟ್ಟಿತು. ಅಷ್ಟು ಬೇಗ ನಿದ್ದೆ ಬಂದದ್ದನ್ನು ನಾನು ಈ ಮನೆಯಲ್ಲಿ ನೋಡಿಯೇ ಇರಲಿಲ್ಲ.

ಹೀಗೆ ನಡೆಯಿತು. ದಿನಾ ಸಂಜೆ ರೈಲು ತಡವಾದರೆ ನನಗೂ ಚಡಪಡಿಕೆ. ಮಲಗುವ ಹೊತ್ತು ಮೀರಿದರೆ ಅಲ್ಲಿ ಒಬ್ಬರು ಆರಿದ ಚಹಾ ಹಿಡಿದು ನಿಂತಿರುತ್ತಾರೆ ಎಂದು.

ಒಂದು ರಾತ್ರಿ ಮಾತ್ರ ಉತ್ತರ ಬರಲಿಲ್ಲ. ಕೂಸು ಗುಂಡಿ ಮುಟ್ಟಿ ಕಾಯಿತು. ಹಳದಿ ದೀಪ ಸುಮ್ಮನೆ ಉರಿಯುತ್ತಿತ್ತು. ನನ್ನ ಕೈಯಲ್ಲೇ ಫೋನಿತ್ತು. ಅದರಲ್ಲೂ ಅದೇ ದೀಪದ ಗುಂಡಿ ಇತ್ತು. ಸೆರಗಿನ ಮರೆಯಲ್ಲಿ ಬೆರಳಾಡಿಸಿದ್ದರೆ ಮುಗಿಯುತ್ತಿತ್ತು, ಕೂಸಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಬೆರಳು ಅಲ್ಲಿಯವರೆಗೆ ಹೋಗಿತ್ತು ಕೂಡ. ಆದರೆ ಯಾಕೋ ಮನಸ್ಸು ಬರಲಿಲ್ಲ. ಅವರಿಬ್ಬರ ಮಾತಿನ ನಡುವೆ ಹೋಗಿ ಅವರ ದನಿಯಲ್ಲಿ ನಾನು ಉತ್ತರ ಕೊಟ್ಟ ಹಾಗಾಗುತ್ತದೆ ಅನ್ನಿಸಿತು. ಫೋನು ಬೋರಲು ಹಾಕಿದೆ.

"ಪಪ್ಪಾಗ ಕೆಲಸ ಭಾಳ ಇರಬೇಕು ಇವತ್ತು" ಎಂದೆ. "ಅಲ್ಲಿ ಏನರ ಕೆಟ್ಟಿರಬೇಕು. ಫೋನ್ ನೋಡಾಕ ಆಗಿಲ್ಲ."

ಅಳುತ್ತದೆ ಅಂದುಕೊಂಡಿದ್ದೆ. ಕೂಸು ಸ್ವಲ್ಪ ಹೊತ್ತು ದೀಪವನ್ನೇ ನೋಡಿತು.

"ಹಂಗಾದ್ರ ಹತ್ತಿರ್ಲಿ" ಅಂದಿತು. "ಬಂದು ನೋಡ್ತಾನ."

ದೀಪ ಹತ್ತಿರುವಂತೆಯೇ ಮಲಗಿತು. ನಾನೂ ಆರಿಸಲಿಲ್ಲ.

ಬೆಳಿಗ್ಗೆ ಎದ್ದ ಕೂಡಲೇ ಮೊದಲು ಮೂಲೆಯ ಕಡೆ ನೋಡಿತು. ದೀಪ ಆರಿತ್ತು. ಅಡುಗೆಮನೆಗೆ ಓಡಿ ಹೋಗಿ ಅಪ್ಪನ ಮೊಣಕಾಲಿಗೆ ಆತುಕೊಂಡು ಕೇಳಿತು.

"ಯಾರು ಬಂದ್ ಮಾಡಿದ್ರು?"

"ನಾನ. ನಿನ್ನೆ ಪ್ಲಾಂಟಿನ್ಯಾಗ ಗಡಿಬಿಡಿ ಇತ್ತು, ಫೋನ್ ನೋಡಿಲ್ಲ. ಬಂದ ಮ್ಯಾಲೆ ಬಂದ್ ಮಾಡಿದೆ."

"ಫೋನಿಂದನಾ?"

"ಇಲ್ಲ, ಕೈಲೆ. ನಿನ್ನ ಬಾಜೂಕ ಕುಂತು."

ಕೂಸು ಅದನ್ನು ಸ್ವಲ್ಪ ಹೊತ್ತು ಯೋಚಿಸಿ, ಒಪ್ಪಿ, ಅಜ್ಜಿಯ ಹತ್ತಿರ ಹೋಗಿ ರೊಟ್ಟಿಗೆ ಬೆಲ್ಲ ಬೇಕು ಎಂದು ಕೇಳಿತು.

ಆಮೇಲೆ ಅವರಿಗೆ ಹಗಲಿನ ಪಾಳಿ ಸಿಕ್ಕಿತು. ಸಂಜೆ ಮನೆಯಲ್ಲಿರತೊಡಗಿದರು. ಅಪ್ಪನೇ ಪಕ್ಕದಲ್ಲಿ ಮಲಗಿ ಕಥೆ ಹೇಳುವಾಗ ಗುಂಡಿಯ ನೆನಪು ಯಾರಿಗೆ ಬೇಕು. ಮಗಳು ಈಗ ಒಂದನೇ ತರಗತಿಯಲ್ಲಿದ್ದಾಳೆ, ಕೂಸು ಅಂದರೆ ಸಿಟ್ಟು ಬರುತ್ತದೆ. ದೊಡ್ಡ ದೀಪವನ್ನು ತಾನೇ ಆರಿಸಿ, "ನೀವಿಬ್ರೂ ಮಾತಾಡಬ್ಯಾಡ್ರಿ" ಎಂದು ನಮಗೇ ಹೇಳುತ್ತಾಳೆ. ಬೀಗ ತೆಗೆದು ಎಷ್ಟೋ ದಿನವಾಯಿತು.

ಈ ಬೇಸಿಗೆಯಲ್ಲಿ ಸ್ವಲ್ಪ ದಿನದ ಮಟ್ಟಿಗೆ ಅವರಿಗೆ ಮತ್ತೆ ಸೆಕೆಂಡ್ ಶಿಫ್ಟ್ ಬಿತ್ತು. ಮೊದಲ ರಾತ್ರಿ ನಾನು ಮಗಳನ್ನೇ ಗಮನಿಸುತ್ತಿದ್ದೆ. ಪುಸ್ತಕ ಮಡಚಿಟ್ಟಳು, ನೀರು ಕುಡಿದಳು, ದೀಪ ಆರಿಸಿದಳು, ಗೋಡೆಯ ಕಡೆ ಹೊರಳಿ ಮಲಗಿದಳು. ಸ್ವಲ್ಪ ಹೊತ್ತಿಗೆ ನನ್ನ ಫೋನಿಗೆ ಗಂಡನ ಕರೆ ಬಂತು. ಹಿಂದೆ ಯಂತ್ರಗಳ ಗುಯ್ಯೆನ್ನುವ ಸದ್ದು.

"ಏನು ಮಾಡಾಕತ್ತಾಳ?"

"ಮಲ್ಕೊಂಡಾಳ್ರಿ."

"ಲೈಟ್ ಹಚ್ಚಿಲ್ಲಾ?"

"ಇಲ್ಲ."

"ಛಲೋ ಆಯ್ತು ಬಿಡು" ಅಂದರು. ಫೋನು ಇಡಲಿಲ್ಲ. ಹುಣಸೆಹಣ್ಣಿನ ಸಾರು ಉಳಿದಿದೆಯಾ, ನಾಳೆ ನನಗೆ ಶಾಲೆ ಇದೆಯಾ, ಅಂಗಳದ ನಲ್ಲಿ ಸೋರುವುದು ನಿಂತಿತಾ, ಎಲ್ಲ ಒಂದೊಂದಾಗಿ ಕೇಳಿದರು. ನಾನು ಮಗಳಿಗೆ ಎಚ್ಚರವಾಗದಂತೆ ಬಾಗಿಲು ಎಳೆದುಕೊಂಡು, ಪಡಸಾಲೆಯ ತಣ್ಣನೆಯ ಕಲ್ಲಿನ ನೆಲದ ಮೇಲೆ ಕೂತು, ಒಂದೊಂದಕ್ಕೂ ಉತ್ತರ ಹೇಳುತ್ತ ಹೋದೆ.